ಪಿಕಪ್ ವಾಹನಕ್ಕೆ ಆಯಿಲ್ ಡ್ರೈನ್ ವಾಲ್ವ್ : ಸದಸ್ಯರು ತಿಳಿಯಬೇಕಾದ ಅಂಶಗಳು



ಸಂಘದ ಹಾಲನ್ನು ಶೀತಲೀಕರಣ ಕೇಂದ್ರಕ್ಕೆ ಸಾಗಿಸಲು, ಹಸಿಮೇವು ಹಾಗೂ ಪಶು ಆಹಾರದ ಮೂಟೆಗಳನ್ನು ತರಲು ನಮ್ಮಲ್ಲಿ ಅನೇಕರು ಪಿಕಪ್ ವಾಹನ ಇಟ್ಟುಕೊಂಡಿದ್ದಾರೆ. ಬೆಳಗಿನ ಹಾಲು ಹೊತ್ತ ವಾಹನ ದಾರಿಯಲ್ಲಿ ಕೆಟ್ಟು ನಿಂತರೆ ನಷ್ಟ ಮಾಲೀಕನೊಬ್ಬನಿಗೇ ಅಲ್ಲ, ಅಂದು ಹಾಲು ಹಾಕಿದ ಅಷ್ಟೂ ಮನೆಗಳಿಗೆ.

ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ನಾನು ಮಾರ್ಗ ತಪಾಸಣೆಗೆಂದು ಕುಳಿತಿದ್ದ ಪಿಕಪ್ಪಿನ ಮೀಟರಿನಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಹತ್ತಿತು. ಚಾಲಕ ಕೂಡಲೇ ಇಂಜಿನ್ ಆಫ್ ಮಾಡಿದ್ದರಿಂದ ಇಂಜಿನ್ ಉಳಿಯಿತು. ಇಳಿದು ನೋಡಿದರೆ ಆಯಿಲ್ ಚೇಂಬರಿನ ಡ್ರೈನ್ ಬೋಲ್ಟ್ ಬಿದ್ದುಹೋಗಿ, ಆಯಿಲೆಲ್ಲ ರಸ್ತೆಗೆ ಸುರಿದಿತ್ತು. ಬೇರೆ ವಾಹನ ಬರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಕೇಂದ್ರದಲ್ಲಿ ಕುದಿಸಿ ನೋಡುವ ಪರೀಕ್ಷೆಯಲ್ಲಿ ಮೂರು ಕ್ಯಾನ್ ಹಾಲು ಒಡೆಯಿತು. ವಾರದ ಹಿಂದಷ್ಟೇ ಆಯಿಲ್ ಬದಲಾಯಿಸಿದ್ದ ಹುಡುಗ ಬೋಲ್ಟನ್ನು ಉದ್ದನೆಯ ಸ್ಪ್ಯಾನರ್ ಹಾಕಿ ಬಲವಾಗಿ ಬಿಗಿದಿದ್ದನಂತೆ. ಬಿಗಿ ಸಾಲದೆ ಹೋಗಿದ್ದಲ್ಲ, ಹೆಚ್ಚಾಗಿ ಥ್ರೆಡ್ಡೇ ಕಿತ್ತುಬಂದಿತ್ತು.

ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಈ ಬೋಲ್ಟನ್ನು ಬಿಚ್ಚಿ ಹಾಕಬೇಕು. ಹಾಲು ಸಾಗಿಸುವ ವಾಹನ ವರ್ಷದಲ್ಲಿ ಒಂದು ದಿನವೂ ಬಿಡುವಿಲ್ಲದೆ ಓಡುವುದರಿಂದ ಈ ಕೆಲಸ ಬೇಗ ಬೇಗ ಬರುತ್ತದೆ. ಒಮ್ಮೆ ಓರೆಯಾಗಿ ಕೂರಿಸಿದರೆ, ಒಮ್ಮೆ ಹಳೆಯ ವಾಷರನ್ನೇ ಹಾಕಿ ಸೋರದಿರಲೆಂದು ಮತ್ತೆ ಮತ್ತೆ ಬಿಗಿದರೆ ಥ್ರೆಡ್ ಸವೆಯುತ್ತದೆ. ಚೇಂಬರ್ ಅಲ್ಯೂಮಿನಿಯಂನದಾದರೆ ಇನ್ನೂ ಬೇಗ. ಈ ತೊಂದರೆ ತಪ್ಪಿಸಲೆಂದೇ ಡ್ರೈನ್ ವಾಲ್ವ್ ಎಂಬ ಸಣ್ಣ ಸಾಧನ ಬಂದಿದೆ.

ಡ್ರೈನ್ ವಾಲ್ವ್ ಎಂದರೇನು?

ಬೋಲ್ಟಿನ ಜಾಗದಲ್ಲಿ ಒಂದೇ ಸಲ ಕೂರಿಸಿ ಬಿಡುವ ಪುಟ್ಟ ನಲ್ಲಿ ಎಂದು ತಿಳಿಯಿರಿ. ಹೆಚ್ಚಿನವು ಹಿತ್ತಾಳೆಯವು. ಒಳಗೆ ತೂತಿರುವ ಒಂದು ಗುಂಡು ಇರುತ್ತದೆ. ಹೊರಗಿನ ಹಿಡಿಯನ್ನು ಅದರ ಕಚ್ಚಿನಿಂದ ಬಿಡಿಸಿ ಕಾಲು ಸುತ್ತು ತಿರುಗಿಸಿದರೆ ತೂತು ದಾರಿಗೆ ಬಂದು ಆಯಿಲ್ ಇಳಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಹಿಡಿ ತಾನಾಗಿ ತಿರುಗದಂತೆ ಸ್ಪ್ರಿಂಗ್ ಅದನ್ನು ಕಚ್ಚಿನಲ್ಲಿ ಹಿಡಿದಿರುತ್ತದೆ. ಹಿಡಿಯಿಲ್ಲದ ಇನ್ನೊಂದು ಬಗೆಯೂ ಉಂಟು. ಅದರ ಮುಚ್ಚಳ ತೆಗೆದು, ಪೈಪ್ ಇರುವ ಜೋಡಣೆಯನ್ನು ತಿರುಗಿಸಿ ಹಾಕಿದಾಗ ಮಾತ್ರ ಒಳಗಿನ ಬಾಗಿಲು ತೆರೆಯುತ್ತದೆ. ಕಲ್ಲುಮುಳ್ಳಿನ ದಾರಿಯಲ್ಲಿ ಓಡುವ ವಾಹನಕ್ಕೆ ಈ ಎರಡನೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹಿಡಿಯಿರುವುದು ಬಳಸಲು ಸುಲಭ.

ಕೊಳ್ಳುವಾಗ ಪೈಪ್ ಸಿಕ್ಕಿಸುವ ಮೂತಿ ಇರುವುದನ್ನೇ ಕೇಳಿ. ಮೂತಿ ಇಲ್ಲದಿದ್ದರೆ ಅರ್ಧ ಪ್ರಯೋಜನ ಹೋಯಿತು. ಬೋಲ್ಟಿನ ಥ್ರೆಡ್ ವಾಹನದಿಂದ ವಾಹನಕ್ಕೆ ಬೇರೆ. 14 ಮಿ.ಮೀ. ದಪ್ಪ, 1.5 ಮಿ.ಮೀ. ಅಂತರದ್ದು ಬಹಳ ಕಡೆ ಇದೆಯಾದರೂ 12 ಮತ್ತು 18 ಮಿ.ಮೀ.ನವೂ ಇವೆ. ಅಂದಾಜಿನ ಮೇಲೆ ತರಬೇಡಿ, ವಾಹನದ ಕೈಪಿಡಿ ನೋಡಿ ಅಥವಾ ಅದೇ ಅಳತೆಯ ಹೊಸ ಬೋಲ್ಟೊಂದನ್ನು ಕೊಂಡು ಅಂಗಡಿಗೆ ಒಯ್ಯಿರಿ. ವಾಹನ ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯ ವರ್ಕ್‌ಶಾಪಿನಲ್ಲಿ ಮೊದಲು ವಿಚಾರಿಸಿ. ಥ್ರೆಡ್ ಈಗಾಗಲೇ ಹೋಗಿದ್ದರೆ ವಾಲ್ವ್ ಅದಕ್ಕೆ ಮದ್ದಲ್ಲ. ಅದನ್ನು ಲೇತ್ ಅಂಗಡಿಯಲ್ಲಿ ಸರಿಪಡಿಸಬೇಕು, ಇಲ್ಲವೇ ಚೇಂಬರ್ ಬದಲಿಸಬೇಕು.

ಕೂರಿಸುವ ಮುನ್ನ ವಾಹನದ ಕೆಳಗೆ ಬಗ್ಗಿ ನೋಡಿ. ಬೋಲ್ಟ್ ಚೇಂಬರಿನ ಪಕ್ಕಕ್ಕಿದ್ದರೆ ಒಳ್ಳೆಯದು. ತಳದಲ್ಲಿ ನೆಲಕ್ಕೆ ಮುಖಮಾಡಿ, ಸುತ್ತಲಿನ ಎಲ್ಲ ಭಾಗಗಳಿಗಿಂತ ಕೆಳಗೆ ಇಳಿದಿದ್ದರೆ ವಾಲ್ವಿಗೆ ಕಲ್ಲು ಬಡಿಯುತ್ತದೆ. ಕಬ್ಬಿನ ಗದ್ದೆಗೆ, ಬಂಡಿ ಜಾಡಿಗೆ ಇಳಿಯುವ ಅಂಥ ವಾಹನಕ್ಕೆ ಇದು ಬೇಡವೇ ಬೇಡ. ಬೋಲ್ಟೇ ಇರಲಿ, ಪ್ರತಿ ಸಲ ಹೊಸ ವಾಷರ್ ಹಾಕಿ.

ವಾಲ್ವ್ ಕೂರಿಸುವ ಕೆಲಸವನ್ನು ಆಯಿಲ್ ಬದಲಿಸುವ ದಿನವೇ ಮಾಡುವುದು. ಹಳೆಯ ಆಯಿಲ್ ಪೂರ್ತಿ ಇಳಿದ ಮೇಲೆ ರಂಧ್ರದ ಬಾಯನ್ನು ಒಣಬಟ್ಟೆಯಲ್ಲಿ ಒರೆಸಿ, ವಾಲ್ವನ್ನು ಅದರ ಜೊತೆ ಬಂದ ವಾಷರಿನೊಂದಿಗೆ ಬರಿಗೈಯಲ್ಲೇ ತಿರುಗಿಸುತ್ತ ಹೋಗಿ. ನಡುವೆ ಕಚ್ಚಿಕೊಂಡರೆ ಬಲ ಹಾಕದೆ ಹಿಂದಕ್ಕೆ ತೆಗೆದು ಮತ್ತೆ ಆರಂಭಿಸಿ. ಕೊನೆಗೆ ಮಾತ್ರ ಸ್ಪ್ಯಾನರಿನಿಂದ ಹಿತವಾಗಿ ಬಿಗಿಯಿರಿ. ಹಿತ್ತಾಳೆ ಮೆದು ಲೋಹ. ಹಿಡಿಯನ್ನೇ ಹಿಡಿದು ಬಿಗಿಯುವುದು ಸಲ್ಲದು. ಹಿಡಿ ಪೂರ್ತಿ ತಿರುಗುವಾಗ ಯಾವುದಕ್ಕೂ ತಾಗುವುದಿಲ್ಲವೆಂದು ನೋಡಿಕೊಳ್ಳಿ. ಹಿಡಿಗೆ ಸಿಕ್ಕಿಸುವ ಭದ್ರತೆಯ ಕ್ಲಿಪ್ ಪ್ರತ್ಯೇಕವಾಗಿ ಸಿಗುತ್ತದೆ, ಹಾಕಿಸಿಕೊಳ್ಳಿ.

ಬಳಸುವ ಕ್ರಮ

ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಗಾಲಿಗಳಿಗೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾವ ಕಾರಣಕ್ಕೂ ತೂರಬಾರದು. ಐದು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಡಿ. ಬೆಚ್ಚಗಿನ ಆಯಿಲ್ ಸರಾಗವಾಗಿ ಇಳಿಯುತ್ತದೆ, ಸುಡುವ ಆಯಿಲ್ ಕೈ ಬೇಯಿಸುತ್ತದೆ.

ಮೂತಿಗೆ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಖಾಲಿ ಡಬ್ಬದೊಳಗೆ ಇಳಿಬಿಡಿ. ಆರು ಲೀಟರ್ ಹಿಡಿಯುವ ಇಂಜಿನ್ನಿಗೆ ಎಂಟು ಲೀಟರಿನ ಡಬ್ಬ ಇರಲಿ. ಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದಿಟ್ಟು ಹಿಡಿಯನ್ನು ತಿರುಗಿಸಿ. ವಾಲ್ವಿನ ತೂತು ಕಿರಿದಾದ್ದರಿಂದ ಬೋಲ್ಟ್ ತೆಗೆದಾಗಿನ ವೇಗದಲ್ಲಿ ಇಳಿಯದು, ಕಾಲು ಗಂಟೆಯಾದರೂ ಬಿಡಿ. ಅಷ್ಟರಲ್ಲಿ ಕೊಟ್ಟಿಗೆಯ ಒಂದು ಕೆಲಸ ಮುಗಿಯುತ್ತದೆ. ಕೆಲವು ಚೇಂಬರುಗಳಲ್ಲಿ ವಾಲ್ವಿನ ಅಂಚು ಒಳಗೆ ಚಾಚುವುದರಿಂದ ತಳದಲ್ಲಿ ಕೊಂಚ ಹಳೆಯ ಆಯಿಲ್ ಉಳಿಯುವುದೂ ಉಂಟು. ಹೊಸ ಆಯಿಲ್ ತುಂಬುವ ಮುನ್ನ ಹಿಡಿ ಕಚ್ಚಿನಲ್ಲಿ ಕೂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ತೆರೆದ ವಾಲ್ವಿನ ಮೇಲೆ ಹೊಸ ಆಯಿಲ್ ಸುರಿದವರಿದ್ದಾರೆ.

ಆಯಿಲ್ ಫಿಲ್ಟರ್ ಬೇರೆಯೇ ಇದೆ. ವಾಲ್ವ್ ಬಂತೆಂದು ಅದನ್ನು ಬದಲಿಸದೆ ಬಿಟ್ಟರೆ ಹೊಸ ಆಯಿಲಿಗೆ ಹಳೆಯ ಕೊಳೆ ಸೇರುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನು ಹೇಳಿದ ಅಳತೆಗೆ ಹಾಕಿ, ಇಂಜಿನ್ ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ, ಆಯಿಲ್ ಕೆಳಗಿಳಿದ ಮೇಲೆ ಗೇಜ್ ಕಡ್ಡಿ ನೋಡಿ. ಹೆಚ್ಚಾಗಿದ್ದರೆ ವಾಲ್ವಿನಿಂದಲೇ ಸ್ವಲ್ಪ ಇಳಿಸಬಹುದು. ಇನ್ನೊಂದು ಅನುಕೂಲ: ಇಂಜಿನ್ನಿಗೆ ರೇಡಿಯೇಟರ್ ನೀರು ಸೇರಿದೆಯೆಂಬ ಅನುಮಾನ ಬಂದರೆ, ರಾತ್ರಿಯಿಡೀ ನಿಂತ ವಾಹನದಿಂದ ಬೆಳಿಗ್ಗೆ ಇಂಜಿನ್ ಶುರುಮಾಡುವ ಮೊದಲು ಎರಡು ಚಮಚದಷ್ಟು ಇಳಿಸಿ ನೋಡಿ. ನೀರು ಭಾರವಾದ್ದರಿಂದ ಮೊದಲು ಅದೇ ಬರುತ್ತದೆ. ಹಾಲು ಹಾಕಿದ ಚಹಾದ ಬಣ್ಣದ ಆಯಿಲ್ ಬಂದರೆ ವಾಹನ ಹೊರಡಿಸದೆ ಮೆಕ್ಯಾನಿಕ್ಕನ್ನು ಕರೆಸಿ.

ಹಳೆಯ ಆಯಿಲ್ ಮತ್ತು ದನಕರು

ಪೈಪ್ ಇರುವ ವಾಲ್ವನ್ನೇ ಕೊಳ್ಳಿ ಎಂದು ಒತ್ತಿ ಹೇಳಿದ್ದು ಇದಕ್ಕೆ. ಬೋಲ್ಟ್ ಬಿಚ್ಚುವಾಗ ಒಂದಷ್ಟು ಆಯಿಲ್ ಮಣ್ಣಿಗೆ ಬಿದ್ದೇ ಬೀಳುತ್ತದೆ. ನಮ್ಮ ಮನೆಗಳಲ್ಲಿ ವಾಹನ ನಿಲ್ಲುವುದೂ ದನ ಕಟ್ಟುವುದೂ ಒಂದೇ ಅಂಗಳದಲ್ಲಿ. ದನಗಳು, ಅದರಲ್ಲೂ ಕರುಗಳು, ಆಯಿಲ್ ಬಿದ್ದ ನೆಲವನ್ನು, ತೆರೆದಿಟ್ಟ ಡಬ್ಬವನ್ನು ನೆಕ್ಕುತ್ತವೆ. ಕುಡಿದ ಆಯಿಲ್ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರುತ್ತದೆ, ಮೇವು ಬಿಡುತ್ತವೆ, ಭೇದಿಯಾಗುತ್ತದೆ. 2000ನೇ ಇಸವಿಗೆ ಮುನ್ನ ಸೀಸ ಬೆರೆತ ಪೆಟ್ರೋಲ್ ಬಳಕೆಯಲ್ಲಿದ್ದಾಗ ಪೆಟ್ರೋಲ್ ಇಂಜಿನ್ನಿನ ಹಳೆಯ ಆಯಿಲಿನಿಂದ ಸೀಸದ ವಿಷವೂ ಏರುತ್ತಿತ್ತು. ಆ ಭಯ ಈಗ ಕಡಿಮೆಯಾಗಿದ್ದರೂ ಹಳೆಯ ಬ್ಯಾಟರಿಗಳಲ್ಲಿ ಸೀಸ ಇದ್ದೇ ಇದೆ. ಅವನ್ನು ಕೊಟ್ಟಿಗೆಯ ಮೂಲೆಗೆ ಎಸೆಯಬೇಡಿ. ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಸೀಸದ ವಿಷದ ಲಕ್ಷಣಗಳು. ಕಂಡ ತಕ್ಷಣ ಪಶುವೈದ್ಯರಿಗೆ ತಿಳಿಸಿ.

ಹಳೆಯ ಆಯಿಲನ್ನು ಉಣ್ಣೆಗೆ, ಗಾಯಕ್ಕೆ ಹಚ್ಚುವ ರೂಢಿ ಇನ್ನೂ ಇದೆ. ಮೇವು ಕತ್ತರಿಸುವ ಯಂತ್ರಕ್ಕೆ ಹಾಕುವವರೂ ಇದ್ದಾರೆ, ಅದು ತೊಟ್ಟಿಕ್ಕಿ ಮೇವಿಗೇ ಬೀಳುತ್ತದೆ. ಎರಡನ್ನೂ ಬಿಡಬೇಕು. ಬಳಸಿದ ಆಯಿಲಿನಲ್ಲಿ ಸವೆದ ಲೋಹದ ಕಣಗಳೂ ಇಂಧನ ಉರಿದಾಗ ಹುಟ್ಟುವ ಹಾನಿಕರ ವಸ್ತುಗಳೂ ಇರುತ್ತವೆ. ನಮ್ಮ ಚರ್ಮಕ್ಕೂ ಅದು ಒಳ್ಳೆಯದಲ್ಲ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯದೆ ಹಾಲು ಕರೆಯಲು ಕೂರಬೇಡಿ.

ಹಾಲಿನ ಕೊಬ್ಬು ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಆದ್ದರಿಂದ ಆಯಿಲ್ ಡಬ್ಬವನ್ನು ಹಾಲಿನ ಕ್ಯಾನುಗಳ ಜೊತೆ ಒಂದೇ ಟ್ರಿಪ್ಪಿನಲ್ಲಿ ಒಯ್ಯಬಾರದು. ಆಯಿಲ್ ಇಳಿಸಲು ಹಳೆಯ ಹಾಲಿನ ಕ್ಯಾನ್ ಬಳಸಲೇಬಾರದು. ಅದು ಯಾವಾಗಲಾದರೂ ತಿರುಗಿ ಸಂಘಕ್ಕೆ ಬಂದೀತು.

ಡಬ್ಬಕ್ಕೆ ಬಿಗಿ ಮುಚ್ಚಳ ಹಾಕಿ, ಮೇಲೆ ‘ಹಳೆಯ ಆಯಿಲ್’ ಎಂದು ಬರೆದು, ಮಕ್ಕಳಿಗೂ ದನಗಳಿಗೂ ಎಟುಕದ ಕಡೆ ಇಡಿ. ನೀರು, ಡೀಸೆಲ್ ಬೆರೆಸಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲಿಗೂ ಅನ್ವಯಿಸುತ್ತವೆ. ಚರಂಡಿಗೆ ಸುರಿಯುವುದಾಗಲಿ ಒಲೆಗೆ ಹಾಕುವುದಾಗಲಿ ಸರಿಯಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರಿಗೆ ಹಳೆಯ ಆಯಿಲ್ ಒಪ್ಪಿಸುವ ವರ್ಕ್‌ಶಾಪ್ ಹತ್ತಿರದ ಪಟ್ಟಣದಲ್ಲಿ ಯಾವುದಿದೆ ಎಂದು ವಿಚಾರಿಸಿ, ಎರಡು ಮೂರು ಡಬ್ಬ ಸೇರಿದಾಗ, ಹಾಲಿನ ಕ್ಯಾನ್ ಇಲ್ಲದ ಟ್ರಿಪ್ಪಿನಲ್ಲಿ ಅಲ್ಲಿಗೆ ತಲುಪಿಸಿ.