ಚೀಟಿಯಿಲ್ಲದ ಬಾಟಲಿಯಲ್ಲಿ ಏನಿದೆ?

ಶೌಚಾಲಯದ ಪಕ್ಕದ ಸ್ಟೋರ್ ರೂಮು. ಪೊರಕೆ, ಬಕೆಟ್ಟುಗಳ ನಡುವೆ ಹಳೆಯ ನೀರಿನ ಬಾಟಲಿಯೊಂದು. ಒಳಗೆ ತಿಳಿಹಳದಿ ದ್ರವ, ಮೇಲೆ ಚೀಟಿಯಿಲ್ಲ. ಆ್ಯಸಿಡ್ಡೋ, ಬ್ಲೀಚೋ, ತುಂಬಿಟ್ಟವರಿಗೇ ಗೊತ್ತು. ಬೆಳಗಿನ ಪಾಳಿಗೆ ಬಂದ ಹೆಂಗಸು ಮುಚ್ಚಳ ತಿರುಗಿಸಿ ಮೂಸಿ ನೋಡುತ್ತಾಳೆ.

ಅಪಾಯ ಅಲ್ಲಿಂದಲೇ ಶುರು. ಟಾಯ್ಲೆಟ್ ಆ್ಯಸಿಡ್ಡಿಗೆ ಬ್ಲೀಚ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದೂ ಇದನ್ನೇ. ಆದ್ದರಿಂದ ಎರಡನ್ನೂ ಒಂದೇ ಕಪಾಟಿನಲ್ಲಿಡಬಾರದು, ನೀರಿನ ಬಾಟಲಿಗಂತೂ ಸುರಿಯಲೇಬಾರದು.

‘ಇದರಲ್ಲೇನಿದೆ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ, ಹಕ್ಕು. 1984ರ ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಮಾಡಿದ ತಿದ್ದುಪಡಿ ಕಾರ್ಮಿಕರಿಗೆ ಈ ಮಾಹಿತಿ ಹಕ್ಕನ್ನು ಕೊಟ್ಟಿತು. ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 14ನೇ ಪ್ರಕರಣದಂತೆ ನೌಕರರು ತಮ್ಮ ಸುರಕ್ಷತೆಯ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯಬಹುದು. ಪ್ರಾಣಕ್ಕೋ ಆರೋಗ್ಯಕ್ಕೋ ತಕ್ಷಣದ ಕುತ್ತು ಕಂಡರೆ ಮಾಲೀಕರಿಗೂ ಸಂಹಿತೆಯಡಿ ನೇಮಕವಾದ ಇನ್ಸ್‌ಪೆಕ್ಟರಿಗೂ ಏಕಕಾಲಕ್ಕೆ ತಿಳಿಸಬಹುದು. ಸುರಕ್ಷತೆಗಾಗಿ ಕೊಡುವ ಗ್ಲೌಸು, ಕನ್ನಡಕದ ದುಡ್ಡನ್ನು ಸಂಬಳದಲ್ಲಿ ಹಿಡಿಯುವಂತಿಲ್ಲ.

ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಸಂಹಿತೆ ಅನ್ವಯ. ಸರ್ಕಾರಿ ಕಚೇರಿಗಳು ಹೊರಗುಳಿದರೂ, ಅಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರು ಒಳಗಿದ್ದಾರೆ.

ಆ್ಯಸಿಡ್ಡಿಗೆ ಇನ್ನೊಂದು ಬಿಗಿಯಿದೆ. ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿಯವರ ಪ್ರಕರಣದಲ್ಲಿ 2013ರ ಜುಲೈ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ, ಆ್ಯಸಿಡ್ ಇಟ್ಟುಕೊಳ್ಳಬೇಕಾದ ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಪ್ರಯೋಗಾಲಯ, ಸರ್ಕಾರಿ ಇಲಾಖೆಗಳು ಬಳಕೆಯ ರಿಜಿಸ್ಟರ್ ಇಡಬೇಕು. ದಾಸ್ತಾನಿಗೆ ಒಬ್ಬರನ್ನು ಹೊಣೆ ಮಾಡಬೇಕು.

ಮೈಮೇಲೆ ಚೆಲ್ಲಿದರೆ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಬೇಕು. ನುಂಗಿದ್ದರೆ ವಾಂತಿ ಮಾಡಿಸಬಾರದು. ಹೊಗೆ ಎದ್ದರೆ ಎಲ್ಲರೂ ಬಯಲಿಗೆ, ಆಂಬುಲೆನ್ಸಿಗೆ 108. ಆಸ್ಪತ್ರೆಯ ಚೀಟಿಯಲ್ಲಿ ‘ಕೆಲಸದ ವೇಳೆ’ ಎಂದು ಬರೆಸಿಕೊಂಡರೆ ಮುಂದೆ ಇಎಸ್‌ಐ ಸೌಲಭ್ಯಕ್ಕೋ ಪರಿಹಾರಕ್ಕೋ ಅದು ಆಧಾರವಾಗುತ್ತದೆ.

ದೂರು ಬಾಯಿಮಾತಿನಲ್ಲಿ ಉಳಿಯಬಾರದು. ಒಂದು ಹಾಳೆಯಲ್ಲಿ ದಿನಾಂಕ, ಜಾಗ, ಏನಾಯಿತು ಎಂಬುದನ್ನು ಬರೆದು ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಬೇಕು. ಬರೆಯಲು ಬಾರದವರು ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ವಕೀಲರ ನೆರವು ಉಚಿತ. ದೂರಿಗೆ ಲಗತ್ತಿಸಲು ಆ ಚೀಟಿಯಿಲ್ಲದ ಬಾಟಲಿಯದೊಂದು ಫೋಟೊ ಮೊಬೈಲಿನಲ್ಲಿರಲಿ.