ಬೀಜ ಕಂಪನಿ ಯಾರದ್ದೆಂದು ಕೇಳಿ: ರಟ್ಟೀಹಳ್ಳಿಯ ಹೊಸ ಉದ್ಯಮಿಗೆ ಯಶಸ್ಸಿನ ಸೂತ್ರಗಳು

ರಟ್ಟೀಹಳ್ಳಿ, ಹಿರೇಕೆರೂರು, ರಾಣೆಬೆನ್ನೂರು ಸೀಮೆಯವರಿಗೆ ಹೈಬ್ರಿಡ್ ಬೀಜೋತ್ಪಾದನೆ ಹೊಸದಲ್ಲ. ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ತಳಿಯ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸದಲ್ಲಿ ಇಲ್ಲಿನ ಹೆಣ್ಣುಮಕ್ಕಳ ಕೈ ಪಳಗಿದೆ. ಆದರೆ ರೈತನಿಗೂ ಕಂಪನಿಗೂ ನಡುವಿನ ಮಧ್ಯವರ್ತಿಯಾದ ಆರ್ಗನೈಸರ್ ಕೈದಾಟಿ ಆ ಬೀಜ ಸೇರುವ ಕಂಪನಿಯ ಬಗ್ಗೆ ನಮಗೆ ಗೊತ್ತಿರುವುದು ಪಾಕೀಟಿನ ಮೇಲಿನ ಚಿತ್ರವಷ್ಟೇ. ಸೀಡ್ ಪ್ಲಾಟ್ ಮಾಡುವವರಿಗೂ ಬೀಜ-ಗೊಬ್ಬರದ ಅಂಗಡಿ ಇಡುವವರಿಗೂ ಅಷ್ಟು ಸಾಲದು.

1. ದುಡ್ಡು ಯಾವ ಊರಿನದು ನೋಡಿ

ಬಂಡವಾಳಶಾಹಿ ಎಲ್ಲ ದೇಶದಲ್ಲೂ ಒಂದೇ ಥರ ಇರುವುದಿಲ್ಲ ಎಂದು ಪೀಟರ್ ಹಾಲ್ ಮತ್ತು ಡೇವಿಡ್ ಸಾಸ್ಕೈಸ್ 2001ರಲ್ಲಿ ಸಂಪಾದಿಸಿ ತಂದ ಪುಸ್ತಕ ವಾದಿಸಿತು. ಅಮೆರಿಕ, ಬ್ರಿಟನ್ನಿನಲ್ಲಿ ಕಂಪನಿ ನಡೆಯುವುದು ಷೇರುಪೇಟೆ ಮತ್ತು ಕರಾರುಪತ್ರದ ಮೇಲೆ. ಜರ್ಮನಿ, ಜಪಾನಿನಲ್ಲಿ ಬ್ಯಾಂಕು, ಕಾರ್ಮಿಕರು, ಉದ್ಯಮ ಸಂಘಗಳ ಜೊತೆಗಿನ ಹಳೆಯ ಸಂಬಂಧದ ಮೇಲೆ. ನಿಮ್ಮ ಹೊಲಕ್ಕೆ ಬರುವ ಕಂಪನಿಯ ಹುಡುಗ ಕನ್ನಡದವನೇ ಇರಬಹುದು. ಅವನ ಮೇಲಿರುವ ಒತ್ತಡ ಮಾತ್ರ ಮಾಲೀಕರ ದೇಶದ್ದು.

2. ಅಮೆರಿಕದ ಮಾದರಿ ಎದುರಾದರೆ ಕಾಗದ ಓದಿ

ಅಲ್ಲಿ ಕಂಪನಿಗಳು ಷೇರುದಾರರಿಗೆ ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕ ಕೊಡಬೇಕು. ಆದ್ದರಿಂದ ಅಮೆರಿಕದ ಮೊನ್ಸಾಂಟೊ ಬೀಜಕ್ಕಿಂತ ಹೆಚ್ಚಾಗಿ ಬೀಜದೊಳಗಿನ ತಂತ್ರಜ್ಞಾನದ ಹಕ್ಕನ್ನು ಮಾರಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಾಗ ಭಾರತದ ಬೀಜ ಕಂಪನಿ ಮಹೀಕೊ ಜೊತೆ ಅರ್ಧರ್ಧ ಪಾಲಿನ ಸಂಸ್ಥೆಯಿಂದ ದೇಶಿ ಬೀಜ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟು, ಪ್ರತಿ ಪಾಕೀಟಿನ ಮೇಲೆ ಶುಲ್ಕ ಎತ್ತಿತು. ಇಂಥವರ ಬಳಿ ‘ನೋಡೋಣ ಬಿಡ್ರಿ, ಮಾಡಿಕೊಡ್ತೀವಿ’ ಎಂಬ ಮಾತಿಗೆ ಬೆಲೆಯಿಲ್ಲ. ಬರೆದದ್ದಕ್ಕೆ ಮಾತ್ರ ಇದೆ.

3. ಭಾರತದಲ್ಲಿ ಬೆಲೆ ಬರೆಯುವವರು ದೆಹಲಿಯಲ್ಲಿದ್ದಾರೆ

ಇದೇ ಎಲ್ಲಕ್ಕಿಂತ ಮುಖ್ಯ ಸೂತ್ರ, ಅದಕ್ಕೇ ಸ್ವಲ್ಪ ವಿಸ್ತರಿಸುತ್ತೇನೆ. ಬಿಟಿ ಹತ್ತಿಯ 450 ಗ್ರಾಂ ಪಾಕೀಟು ಮೊದಲು 1,600 ರೂಪಾಯಿಗೂ ಮೇಲಿತ್ತು. ಆಂಧ್ರ ಸರ್ಕಾರ ಏಕಸ್ವಾಮ್ಯ ತಡೆ ಆಯೋಗದ ಮೆಟ್ಟಿಲೇರಿದ ಮೇಲೆ 2006ರಲ್ಲಿ ಅದು 750ಕ್ಕೆ ಇಳಿಯಿತು. 2015ರ ಆದೇಶದಿಂದ ಕೇಂದ್ರವೇ ದರ ನಿಗದಿ ಮಾಡತೊಡಗಿತು. 2016ರಲ್ಲಿ ಬೋಲ್‌ಗಾರ್ಡ್-2 ಎಂಬ ಬಿಟಿ ಹತ್ತಿಯ ಪಾಕೀಟಿಗೆ 800 ರೂಪಾಯಿ, ಅದರೊಳಗೆ ತಂತ್ರಜ್ಞಾನದ ಶುಲ್ಕ 49. ಆ ಶುಲ್ಕ 2018ರಲ್ಲಿ 39 ಆಯಿತು, 2019ರಲ್ಲಿ 20, 2020ರಲ್ಲಿ ಸೊನ್ನೆ. ಮುಂದಿನ ಪೀಳಿಗೆಯ ಬಿಟಿ ಹತ್ತಿಯ ಅರ್ಜಿಯನ್ನು ಮೊನ್ಸಾಂಟೊ 2016ರಲ್ಲೇ ಹಿಂತೆಗೆದುಕೊಂಡಿತ್ತು.

ರೈತನಿಗೆ ಬೀಜ ಅಗ್ಗವಾದದ್ದು ಒಳ್ಳೆಯದೇ. ಹೊಸ ತಂತ್ರಜ್ಞಾನ ಬಾರದೆ ಹೋದದ್ದಕ್ಕೆ ಈ ದರ ನಿಯಂತ್ರಣವೂ ಒಂದು ಕಾರಣ ಎಂಬುದನ್ನು ಸರ್ಕಾರದ ಪರ ವಾದಿಸುವವರು ಒಪ್ಪಬೇಕು. ಗೊಬ್ಬರದಲ್ಲೂ ಇದೇ ಕಥೆ. ಯೂರಿಯಾ ದರ ಸರ್ಕಾರದ್ದು, ಪೂರೈಕೆಯ ಕೀಲಿಯೂ ಅದರದ್ದೇ. 2008ರ ಜೂನ್‌ನಲ್ಲಿ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ಆದದ್ದನ್ನು ಈ ಜಿಲ್ಲೆ ಮರೆತಿಲ್ಲ. ಅಂಗಡಿ ಇಡುವವರು ಮುಂಗಾರಿಗೆ ಮುಂಚೆ ಆಕಾಶದಷ್ಟೇ ಗಮನವಿಟ್ಟು ಸರ್ಕಾರಿ ಆದೇಶಗಳನ್ನೂ ನೋಡುತ್ತಿರಬೇಕು.

4. ರೈತ ಸಂಘವನ್ನೂ ಲೆಕ್ಕಕ್ಕೆ ಹಿಡಿಯಿರಿ

1988ರ ಹೊಸ ಬೀಜ ನೀತಿ ವಿದೇಶಿ ಬೀಜಕ್ಕೆ ಬಾಗಿಲು ತೆರೆಯಿತು. 1992ರ ಡಿಸೆಂಬರ್‌ನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದರು, 1998ರಲ್ಲಿ ಸಂಘದ ನಾಯಕ ಎಂ.ಡಿ. ನಂಜುಂಡಸ್ವಾಮಿ ಮುಂದಾಳುತನದಲ್ಲಿ ಮೊನ್ಸಾಂಟೊ ಪ್ರಯೋಗದ ಹತ್ತಿಗೆ ಬೆಂಕಿ ಬಿತ್ತು. ಕರ್ನಾಟಕದಲ್ಲಿ ವ್ಯಾಪಾರ ಮಾಡುವ ಕಂಪನಿಗೆ ಇದೂ ಖರ್ಚಿನ ಒಂದು ಬಾಬ್ತು.

5. ಮೂರು ತಿಂಗಳ ಆತುರವಿಲ್ಲದವರನ್ನು ಹುಡುಕಿ

ಫ್ರಾನ್ಸಿನ ಲಿಮಾಗ್ರೇನ್ ರೈತರ ಸಹಕಾರಿ. ತನ್ನ ವಿಲ್ಮೋರಿನ್ ಕಂಪನಿಯನ್ನು ಅದು 2023ರಲ್ಲಿ ಷೇರುಪೇಟೆಯಿಂದ ಹೊರಗೆ ತಂದಿತು. ಡಚ್ಚರ ರೈಕ್ ಜ್ವಾನ್ 1986ರಲ್ಲಿ ತೈಲ ಕಂಪನಿ ಬಿಪಿಯ ಪಾಲಾಗಿತ್ತು. 1989ರಲ್ಲಿ ಅಲ್ಲಿನವರೇ ಮರಳಿ ಕೊಂಡರು. ಇಂದಿಗೂ ಅದು ಮನೆತನಗಳ ಮತ್ತು ನೌಕರರ ಕೈಯಲ್ಲಿದೆ. ಜಪಾನಿನ ಟಾಕಿಯಿ 1835ರಿಂದ ಒಂದೇ ಮನೆತನದ್ದು. ಒಂದು ತರಕಾರಿ ತಳಿ ಹದಕ್ಕೆ ಬರಲು ವರ್ಷಗಟ್ಟಲೆ ಬೇಕು, ಅಲ್ಲಿಯವರೆಗೆ ಕಾಯುವ ಹಣ ಇಂಥವರಲ್ಲಿ ಹೆಚ್ಚು. ಹಾಗೆಂದು ಇವರೇನೂ ಧರ್ಮಛತ್ರ ನಡೆಸುತ್ತಿಲ್ಲ.

ನಮ್ಮಲ್ಲೂ ಬೇರೊಂದು ಮಾದರಿ ಇತ್ತು. ವರಲಕ್ಷ್ಮಿ ಹತ್ತಿಯನ್ನು 1972ರಲ್ಲಿ, ಡಿಸಿಎಚ್-32 ಅನ್ನು 1981ರಲ್ಲಿ ಧಾರವಾಡದ ಸರ್ಕಾರಿ ಸಂಶೋಧನೆ ಕೊಟ್ಟಿತು, ಬಿ.ಎಚ್. ಕಟರಕಿ ಅವರ ಕೈಯಿಂದ. ಅದಕ್ಕೆ ಯಾವ ಷೇರುದಾರನೂ ಇರಲಿಲ್ಲ.

6. ಮಾಲೀಕ ಬದಲಾದರೆ ಕರಾರು ಮತ್ತೆ ಓದಿ

ಸ್ವಿಟ್ಜರ್‌ಲೆಂಡಿನ ಸಿಂಜೆಂಟಾ 2017ರಲ್ಲಿ ಸುಮಾರು 43 ಬಿಲಿಯನ್ ಡಾಲರಿಗೆ ಚೀನಾ ಸರ್ಕಾರದ ಕೆಮ್‌ಚೈನಾ ಪಾಲಾಯಿತು. ಮರುವರ್ಷ ಮೊನ್ಸಾಂಟೊ ಜರ್ಮನಿಯ ಬೇಯರ್ ಕೈಸೇರಿತು. ಬೇಯರ್‌ನ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ಕಾರ್ಮಿಕ ಪ್ರತಿನಿಧಿಗಳದ್ದು. ಅಂಥ ಸಂಸ್ಥೆ ಅಮೆರಿಕದ ಕಂಪನಿಯ ಜೊತೆಗೆ ಅದರ ಕಳೆನಾಶಕ ರೌಂಡಪ್ ವಿರುದ್ಧ ಅಲ್ಲಿದ್ದ ಮೊಕದ್ದಮೆಗಳನ್ನೂ ಮೈಮೇಲೆ ಎಳೆದುಕೊಂಡಿತು. ಪಾಕೀಟಿನ ಮೇಲಿನ ಹೆಸರು ಹಳೆಯದೇ ಉಳಿದರೂ ತೀರ್ಮಾನ ತೆಗೆದುಕೊಳ್ಳುವ ಕುರ್ಚಿ ಬೇರೆಯಾಗಿರುತ್ತದೆ.

7. ನಮ್ಮೂರ ಮಾದರಿಗೂ ಕಣ್ಣು ಹಾಕಿ

ಸ್ವಿಟ್ಜರ್‌ಲೆಂಡಿನ ಕಂಪನಿಯೇ ಇರಲಿ, ಬೆಂಗಳೂರಿನದೇ ಇರಲಿ, ಇಲ್ಲಿ ವ್ಯವಹಾರ ನಿಲ್ಲುವುದು ಆರ್ಗನೈಸರ್ ಮಾತಿನ ಮೇಲೆ. ಮುಂಗಡ ಅವನದು, ಮೂಲ ಬೀಜ ತರುವವನು ಅವನು, ಬಿಲ್ ತಡವಾದರೆ ‘ಇವತ್ತು ನಾಳೆ’ ಅನ್ನುವವನೂ ಅವನೇ. ಪರಿಚಯದ ಮೇಲೆ ನಡೆಯುವ ಈ ಪದ್ಧತಿಯಿಂದ ಅನುಕೂಲ ಬಹಳ: ಬ್ಯಾಂಕು ಕೊಡದ ದುಡ್ಡು ರಾತ್ರಿ ಹೊತ್ತಿನಲ್ಲೂ ಸಿಗುತ್ತದೆ. ಆದರೆ ಮೊಳಕೆ ಪರೀಕ್ಷೆಯಲ್ಲೋ ತಳಿ ಶುದ್ಧತೆಯ ಪರೀಕ್ಷೆಯಲ್ಲೋ ಲಾಟ್ ಫೇಲ್ ಆದ ದಿನ ಪರಿಚಯ ಕೆಲಸಕ್ಕೆ ಬರುವುದಿಲ್ಲ. ಕೂಲಿ ಕೊಟ್ಟಾಗಿರುತ್ತದೆ, ಬೆಳೆ ಮುಗಿದಿರುತ್ತದೆ, ನಷ್ಟ ಪೂರಾ ರೈತನ ತಲೆಗೆ.

ಆದ್ದರಿಂದ ಮುಂದಿನ ಹಂಗಾಮಿಗೆ ಪ್ಲಾಟ್ ಒಪ್ಪಿಕೊಳ್ಳುವ ಮೊದಲು ಕರಾರಿನ ಕನ್ನಡ ಪ್ರತಿ ಕೇಳಿ ಪಡೆಯಿರಿ. ಹಣ ಕೊಡುವ ತಾರೀಖು, ಲಾಟ್ ಫೇಲ್ ಆದರೆ ಯಾರ ಹೊಣೆ, ಪರೀಕ್ಷೆಗೆ ತೆಗೆದ ಬೀಜದ ಎರಡನೇ ಸ್ಯಾಂಪಲ್ ಯಾರ ಬಳಿ ಇರುತ್ತದೆ, ಇಷ್ಟನ್ನೂ ಅದರಲ್ಲಿ ಬರೆಸಿ. ಕೊಡಲು ಒಪ್ಪದಿದ್ದರೆ ಆ ಎಕರೆಗೆ ಗೋವಿನಜೋಳವನ್ನೇ ಹಾಕಿ.