ತಟ್ಟೆ ಹಿಡಿಯದ ಹುಡುಗ

“ಸಾ, ಆ ಹೈದ ನಾಕು ದಿನದಿಂದ ತಟ್ಟೆ ಹಿಡೀತಾ ಇಲ್ಲ ಕನಾ” ಎಂದರು ಅಡುಗೆಯಮ್ಮ. ಹಾಜರಿ ಪುಸ್ತಕ ತೆಗೆದು ನೋಡಿದೆ. ನಾಲ್ಕು ದಿನವೂ ಹಾಜರಿ ಇತ್ತು. “ಬರ್ತಾನೇ ಇದ್ದಾನಲ್ಲಮ್ಮ, ನೀವು ಸಾಂಬಾರಿನ ಉಪ್ಪು ನೋಡ್ಕೊಳ್ಳಿ” ಎಂದುಬಿಟ್ಟೆ.

ಗುಂಡ್ಲುಪೇಟೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಹೆಡ್‌ಮಾಸ್ಟರಾಗಿದ್ದಾಗಿನ ಮಾತಿದು. ಹುಡುಗನ ಅಪ್ಪ, ಅಮ್ಮ ಶುಂಠಿ ಕೆಲಸಕ್ಕೆಂದು ವಯನಾಡಿಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಮಾತ್ರ. 2009ರಿಂದ ಬಂಡೀಪುರ ರಸ್ತೆಯಲ್ಲಿ ರಾತ್ರಿ ಸಂಚಾರ ಬಂದ್. ಕೇರಳಕ್ಕೆ ತರಕಾರಿ, ಚೆಂಡುಹೂ ಹೊತ್ತ ಗಾಡಿಗಳು 9 ಗಂಟೆಯೊಳಗೆ ಗೇಟು ದಾಟಬೇಕು. ಸಂಜೆಯ ಆ ಧಾವಂತದಲ್ಲಿ ಲೋಡು ಮಾಡಲು ಕೈ ಸಿಕ್ಕರೆ ಸಾಕು, ವಯಸ್ಸು ಕೇಳುವವರಿಲ್ಲ. ಹುಡುಗನ ಜೇಬಿಗೆ ದುಡ್ಡು ಬಂತು, ದುಡ್ಡಿನ ಹಿಂದೆ ದೊಡ್ಡ ಹುಡುಗರು ಬಂದರು. ಮಧ್ಯಾಹ್ನ ಬಿಸಿಯೂಟ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಗೋಬಿ ತಿನ್ನುತ್ತಿದ್ದ. ನಮಗೆ ಬೆಲ್ಲು ಹೊಡೆದಾಗ ಬೆಂಚಿನಲ್ಲಿ ಕೂತ ತಲೆ ಕಂಡರೆ ಸಾಕಾಗಿತ್ತು.

ಎರಡು ತಿಂಗಳಲ್ಲಿ ಮೊಬೈಲ್ ಕಳವೊಂದರಲ್ಲಿ ಅವನ ಹೆಸರು ಬಂತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಪೊಲೀಸರು ಬುದ್ಧಿ ಹೇಳಿ ಅಜ್ಜಿಯ ಜೊತೆ ಮನೆಗೆ ಕಳಿಸಿದರು. ಶಾಲೆಯ ಮಾನ ಹೋಗುತ್ತದೆಂದು ಟಿಸಿ ಕೊಟ್ಟು ಕಳಿಸಿದವನು ನಾನು.

ಮುಂದೆ ಚಾಮರಾಜನಗರದ ಕಡೆಗೆ ವರ್ಗವಾಯಿತು. ಅಲ್ಲಿ ಬೆಲ್ಲು ಹೊಡೆಯುತ್ತಿದ್ದ ಡಿ ಗ್ರೂಪ್ ನೌಕರರೇ ಕೊಠಡಿಗಳನ್ನೂ ಗುಡಿಸುತ್ತಿದ್ದರು. ಒಂದು ಬೆಳಿಗ್ಗೆ ಮೊರದಲ್ಲಿದ್ದ ಕಸವನ್ನು ನನ್ನ ಮೇಜಿನ ಹತ್ತಿರ ತಂದು ಹಿಡಿದರು. ಪೆನ್ಸಿಲ್ ಹೊಟ್ಟು, ಹುಣಸೆಬೀಜ, ನಡುವೆ ಮೂರು ತಂಬಾಕಿನ ಪಾಕೀಟು. “ಒಂಬತ್ನೇ ಕ್ಲಾಸು, ಕಿಟಕಿ ಕಡೆ ಕೊನೆ ಬೆಂಚು. ವಾರದಿಂದ ಅಲ್ಲೇ ಸಿಗ್ತಾ ಅದ ಸಾ.” ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದೆಂಬ ಬೋರ್ಡು ನಮ್ಮ ಗೋಡೆಯ ಮೇಲೇ ಇತ್ತು!

ಈ ಸಲ ನಾನು ಉಪ್ಪಿನ ಮಾತಾಡಲಿಲ್ಲ. ಅಡುಗೆಮನೆಗೆ ಹೋಗಿ ಅಲ್ಲಿನ ಅಡುಗೆಯಮ್ಮನನ್ನು ಕೇಳಿದೆ. ಆ ಬೆಂಚಿನ ಹುಡುಗ ತಟ್ಟೆ ಬಿಟ್ಟು ಎಷ್ಟು ದಿನವಾಯಿತೆಂಬುದು ಅವರ ಬೆರಳಲ್ಲಿತ್ತು. “ನೀವು ಕರೆದ್ರೆ ಬಾಯಿ ಬುಡಲ್ಲ, ನಾ ಕೇಳ್ತೀನಿ ಬುಡಿ” ಎಂದರು. ಅಕ್ಕಿಮೂಟೆ ಇಳಿಸಲು ಅವನನ್ನೇ ಕರೆದರು. ಎರಡನೇ ಮೂಟೆ ಇಳಿಯುವಷ್ಟರಲ್ಲಿ, ದೊಡ್ಡ ಹುಡುಗರು ಯಾರದೋ ಫೋನನ್ನು ಅವನ ಮನೆಯಲ್ಲಿ ಬಚ್ಚಿಡಲು ಕೊಟ್ಟಿದ್ದು ಹೊರಬಂತು. ಅದೇ ಬೀದಿಯ ನಮ್ಮ ಬೆಲ್ಲಿನವರು ಸಂಜೆ ಅವನಮ್ಮನ ಜೊತೆ ಹೋಗಿ ಫೋನನ್ನು ವಾರಸುದಾರರಿಗೆ ಮುಟ್ಟಿಸಿದರು. ಮಾತು ಬೀದಿಗೆ ಬೀಳಲಿಲ್ಲ. ಹುಡುಗ ಮರುದಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ.

ಅಡುಗೆಯವರು, ಬೆಲ್ಲಿನವರು ಹೇಳಿದ್ದೆಲ್ಲ ಚಿನ್ನ ಅನ್ನುತ್ತಿಲ್ಲ. ಒಂದೇ ಬೀದಿಯ ಮಕ್ಕಳ ಮೇಲೆ ಸದಾ ಬೊಟ್ಟು ಮಾಡುವವರನ್ನೂ ಕಂಡಿದ್ದೇನೆ. ಜರಡಿ ಹಿಡಿಯಬೇಕಾದವರು ನಾವು. ಆದರೆ ತರಬೇತಿ, ಸಭೆ, ಕುರ್ಚಿ ಎಲ್ಲ ಮೇಷ್ಟರಿಗೆ. ಗೌರವಧನಕ್ಕೆ ದುಡಿಯುವ ಬಿಸಿಯೂಟದವರು ಸಭೆಯ ದಿನ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ನಿವೃತ್ತನಾಗುವ ಮುಂಚಿನ ಎರಡು ವರ್ಷ ಅವರನ್ನು ಒಳಗೆ ಕೂರಿಸಿ, ಊಟಕ್ಕೆ ಬಾರದವರ ಹೆಸರನ್ನು ವಾರಕ್ಕೊಮ್ಮೆ ಕೇಳಿ ಬರೆದುಕೊಂಡೆ.

ಗುಂಡ್ಲುಪೇಟೆಯ ಹುಡುಗ ಮತ್ತೆ ಯಾವ ಶಾಲೆಗೂ ಸೇರಲಿಲ್ಲ. ಅವನ ಟಿಸಿಯಲ್ಲಿ ನಡತೆಯ ಕಾಲಮಿನೆದುರು ‘ತೃಪ್ತಿಕರ’ ಎಂದು ಬರೆದದ್ದು ನನ್ನದೇ ಕೈ.